ಇಂದಿನ ಧಮ್ಮಚಿಂತನೆ: ಕಂಡಷ್ಟನ್ನೇ ಕಾಣುವುದು



ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ಸೋದರಿಯೊಬ್ಬರು ಕೇಳಿದರು: "ಮೇಡಂ, ದಿನಾ ಫೋಟೊ ತೆಗೀತೀವಿ, ಒಂದೂ ಚೆನ್ನಾಗಿ ಬರಲ್ಲ. ಹೊಸ ಫೋನ್ ತಗೋಬೇಕಾ?" ಎಲ್ಲರೂ ನಕ್ಕೆವು. ನನಗೆ ಮಾತ್ರ ಶಾಲೆಯ ಒಂದು ಹಳೆಯ ಘಟನೆ ನೆನಪಾಯಿತು. ಇವತ್ತಿನ ಚಿಂತನೆ ಅದರ ಮೇಲೆ.

ಎಂಟನೇ ತರಗತಿ ಮಕ್ಕಳ ಗುರುತಿನ ಚೀಟಿಗೆ ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಡು ಮಧ್ಯಾಹ್ನ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ ತೆಗೆಯುತ್ತಾ ಹೋದೆ. ಒಬ್ಬ ಹುಡುಗಿಯ ಸರದಿ ಬಂತು. ಕಪ್ಪು ಮೈಬಣ್ಣ, ಚುರುಕು ಕಣ್ಣು. ಫೋಟೊದಲ್ಲಿ ಮುಖವೇ ಕಾಣಲಿಲ್ಲ, ಗೋಡೆಗೆ ಮಸಿ ಬಳಿದ ಹಾಗಿತ್ತು. ಹಿಂದೆ ನಿಂತಿದ್ದ ಹುಡುಗರು ಕಿಸಕ್ಕೆಂದರು. ಅವಳು ಮೆಲ್ಲಗೆ, "ಮಿಸ್, ನನ್ನ ಸ್ವಲ್ಪ ಬೆಳ್ಳಗೆ ಮಾಡಿ" ಎಂದಳು. ನಾನು ಮರುಯೋಚಿಸದೆ ಬ್ಯೂಟಿ ಮೋಡ್ ಒತ್ತಿದೆ. ಮುಖ ಬೆಳ್ಳಗಾಯಿತು, ನುಣ್ಣಗಾಯಿತು. ಅವಳು ನಕ್ಕಳು. ಉಪಕಾರ ಮಾಡಿದೆ ಎಂದುಕೊಂಡೆ.

ಚೀಟಿ ಹಂಚಿದ ವಾರವೇ ಅವಳ ತಾಯಿ ಗದ್ದೆ ಕೆಲಸದಿಂದ ನೇರ ಶಾಲೆಗೆ ಬಂದರು. ಚೀಟಿಯನ್ನು ನನ್ನ ಮುಂದೆ ಹಿಡಿದು, "ಇದ್ಯಾರ ಮಗ್ಳು ಮೇಡಮ್ಮೋರೆ? ನನ್ ಮಗ್ಳ ಕೆನ್ನೆ ಮ್ಯಾಲೆ ಒಂದು ಗಾಯದ ಕಲೆ ಐತಲ್ಲ, ಅದೆಲ್ಲೋಯ್ತು?" ಎಂದರು. ಜಗಳಕ್ಕೆ ಬಂದವರಲ್ಲ. ನಿಜವಾಗಿಯೂ ಆ ಕಲೆಯನ್ನು ಹುಡುಕುತ್ತಿದ್ದರು. ನಾನು ತಲೆ ತಗ್ಗಿಸಿದೆ. ತರಗತಿಯಲ್ಲಿ ಸಮಾನತೆಯ ಪಾಠ ಹೇಳುವ ನಾನೇ, 'ನೀನು ಇರುವ ಹಾಗೆ ಸಾಲದು' ಎಂದು ಆ ಮಗುವಿಗೆ ಬರೆದುಕೊಟ್ಟು ಕೊರಳಿಗೆ ಕಟ್ಟಿ ಕಳಿಸಿದ್ದೆ.

ಬಂಧುಗಳೇ, ಉದಾನದಲ್ಲಿ ಬಾಹಿಯನ ಪ್ರಸಂಗ ನೀವು ಓದಿದ್ದೀರಿ. ಸುಪ್ಪಾರಕದಿಂದ, ಅಂದರೆ ಇಂದಿನ ಮುಂಬೈ ಬಳಿಯ ಸೋಪಾರದಿಂದ, ಶ್ರಾವಸ್ತಿಯವರೆಗೆ ಬಂದವನು ಅವನು. ಭಗವಾನರು ಭಿಕ್ಷೆಗೆ ಹೊರಟಿದ್ದಾಗಲೇ ಬೀದಿಯಲ್ಲಿ ಉಪದೇಶ ಬೇಡಿದ. ಇದು ಸಮಯವಲ್ಲ ಎಂದರೂ ಬಿಡದೆ ಮೂರು ಸಲ ಬೇಡಿದ. ಆಗ ಅವರು ಕೊಟ್ಟ ಬೋಧೆ ಬಲು ಚಿಕ್ಕದು. ಕಣ್ಣಿಗೆ ಬಿದ್ದುದಕ್ಕೆ ನಮ್ಮದೇನನ್ನೂ ಸೇರಿಸದೆ ನೋಡುವುದನ್ನು ಕಲಿ ಎಂಬುದು ಅದರ ಸಾರ. ನಾನು ಆ ಹುಡುಗಿಯನ್ನು ನೋಡಿರಲಿಲ್ಲ. ಕಪ್ಪು ಎಂದರೆ ಕೊರತೆ ಎಂಬ ಊರಿನ ಮಾತನ್ನು ಅವಳ ಮುಖಕ್ಕೆ ಸೇರಿಸಿ ನೋಡಿದ್ದೆ.

ಆಮೇಲೆ ಕುಳಿತು ವಿಚಾರ ಮಾಡಿದೆ. ಮೊದಲ ಫೋಟೊ ಕೆಟ್ಟದ್ದು ಯಾಕೆ? ಕ್ಯಾಮೆರಾಗೆ ಯಾವುದು ಗೋಡೆ, ಯಾವುದು ಮಗು ಎಂಬ ಅಂತಃಕರಣವಿಲ್ಲ. ಕಂಡ ಬೆಳಕನ್ನೆಲ್ಲ ಕೂಡಿಸಿ ಒಂದು ನಡುಮಟ್ಟಕ್ಕೆ ತರುವುದು ಅದರ ಲೆಕ್ಕ. ಬಿಳಿ ಗೋಡೆ ಚೌಕಟ್ಟು ತುಂಬಿದ್ದರೆ, ಬೆಳಕು ಹೆಚ್ಚಾಯಿತೆಂದು ಇಡೀ ಚಿತ್ರವನ್ನೇ ಮಂಕು ಮಾಡುತ್ತದೆ. ಗೋಡೆ ಬೂದಿಯಾಗುತ್ತದೆ, ಮುಖ ಮಸಿಯಾಗುತ್ತದೆ. ಜೊತೆಗೆ ನೆತ್ತಿ ಮೇಲಿನ ಬಿಸಿಲು ಕಣ್ಣುಗಳನ್ನು ನೆರಳಿನ ಗುಳಿ ಮಾಡುತ್ತದೆ. ಹಿಂದಿನ ಫಿಲಂ ಕಾಲದಲ್ಲಿ ಇನ್ನೊಂದು ಮಾತಿತ್ತು. ಪ್ರಿಂಟಿನ ಬಣ್ಣ ಸರಿಯಿದೆಯೇ ಎಂದು ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಕೊಡುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮೈಬಣ್ಣದ ಹೆಣ್ಣಿನ ಚಿತ್ರ. ಅಳತೆಗೋಲೇ ಒಬ್ಬರ ಕಡೆ ವಾಲಿತ್ತು.

ಇದೇ ಅಲ್ಲವೇ ಪಟಿಚ್ಚಸಮುಪ್ಪಾದ? ಇದು ಇರುವುದರಿಂದ ಅದು ಉಂಟಾಗುತ್ತದೆ. ಗೋಡೆ, ಗಂಟೆ, ಯಂತ್ರದ ಲೆಕ್ಕ ಸೇರಿ ಆ ಮಸಿ ಹುಟ್ಟಿತ್ತು. ದೋಷ ಮಗುವಿನ ಚರ್ಮದಲ್ಲಿ ಇರಲೇ ಇಲ್ಲ. ನಾನು ಬದಲಿಸಬೇಕಾಗಿದ್ದದ್ದು ಕಾರಣಗಳನ್ನು, ಬದಲಿಸಿದ್ದು ಮಗುವನ್ನು. ಬಾಬಾಸಾಹೇಬರು ಜೀವನವಿಡೀ ನಮಗೆ ತೋರಿಸಿದ್ದೂ ಇದನ್ನೇ ಎಂದು ನನಗನಿಸುತ್ತದೆ.

ಮರುದಿನ ಬೆಳಿಗ್ಗೆ ಅವಳ ಒಪ್ಪಿಗೆ ಕೇಳಿ ಮತ್ತೆ ತೆಗೆದೆ. ಅದರಿಂದ ಕಲಿತದ್ದನ್ನು, ಹೊಸದಾಗಿ ಫೋಟೊ ತೆಗೆಯುವವರಿಗಾಗಿ ಇಲ್ಲಿ ಹೇಳುತ್ತೇನೆ.

1. ಮೊದಲು ಲೆನ್ಸ್ ಒರೆಸಿ. ಬೆರಳಿನ ಜಿಡ್ಡು ಕೂತಿದ್ದರೆ ಜಗತ್ತೇ ಮಬ್ಬು. ಮನಸ್ಸಿನ ಜಿಡ್ಡೂ ಹಾಗೆಯೇ.

2. ಬೆಳಕನ್ನು ಹುಡುಕಿ. ಬೆಳಗಿನ ಅಥವಾ ಸಂಜೆಯ ಬೆಳಕು, ಇಲ್ಲವೆ ಜಗಲಿಯ ನೆರಳು. ಕಿಟಕಿ, ಬಾಗಿಲು ಮುಖದ ಪಕ್ಕದಲ್ಲಿರಲಿ, ಬೆನ್ನ ಹಿಂದೆ ಬೇಡ. ಹಿನ್ನೆಲೆಗೆ ಸುಣ್ಣದ ಗೋಡೆಗಿಂತ ಹಸಿರು, ಮಣ್ಣಿನ ಬಣ್ಣ ಒಳ್ಳೆಯದು.

3. ಪರದೆಯಲ್ಲಿ ಮುಖದ ಮೇಲೆ ಬೆರಳಿಡಿ. ಫೋನು ಆಗ ಆ ಮುಖಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸುತ್ತದೆ. ಬಹಳಷ್ಟು ಫೋನುಗಳಲ್ಲಿ ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಮೂಡುತ್ತದೆ. ಅದನ್ನು ಮೇಲೆ ಕೆಳಗೆ ಸರಿಸಿ ನೋಡಿ.

4. ಮಗುವಾದರೆ ಮಂಡಿಯೂರಿ, ಕೂತ ಅಜ್ಜಿಯಾದರೆ ನೀವೂ ಕೂತುಕೊಳ್ಳಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಬರಲಿ. ಮೇಲಿನಿಂದ ತೆಗೆದ ಚಿತ್ರ ಮನುಷ್ಯರನ್ನು ಕುಗ್ಗಿಸುತ್ತದೆ.

5. 'ಸ್ಮೈಲ್' ಎಂದು ಆಜ್ಞೆ ಮಾಡಬೇಡಿ. ಮಾತಾಡಿಸಿ, ಕಾಯಿರಿ. ಬಿಗಿದ ಭುಜ ಸಡಿಲಾಗುವ ಒಂದು ಕ್ಷಣ ಬಂದೇ ಬರುತ್ತದೆ. ನಲವತ್ತು ಸಲ ಒತ್ತುವುದಕ್ಕಿಂತ ಆ ಕ್ಷಣಕ್ಕೆ ಎಚ್ಚರವಾಗಿರುವುದು ಮೇಲು.

6. ಕೇಳಿ ತೆಗೆಯಿರಿ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಶೀಲ ಮುಖಕ್ಕೂ ಅನ್ವಯಿಸುತ್ತದೆ. ಅಳುವವರ, ಕಾಯಿಲೆಯವರ ಮುಂದೆ ಫೋನು ಜೇಬಿನಲ್ಲೇ ಇರಲಿ.

ಅವತ್ತು ಆ ಹುಡುಗಿ ಹೊಸ ಫೋಟೊವನ್ನು ಬಹಳ ಹೊತ್ತು ನೋಡಿದಳು. ಕೆನ್ನೆಯ ಕಲೆ ಇತ್ತು, ಬಣ್ಣ ಅವಳದೇ ಇತ್ತು, ಕಣ್ಣು ಹೊಳೆಯುತ್ತಿತ್ತು. ಕೊನೆಗೆ, "ಮಿಸ್, ನಮ್ಮವ್ವನ ಥರಾನೇ ಇದೀನಿ" ಎಂದಳು. ಚೀಟಿ ಬದಲಾಯಿಸಿದೆವು. ಅವಳ ಮನಸ್ಸಿನಿಂದ ಆ ಹಳೆಯ ಮಾತು ಪೂರ್ತಿ ಅಳಿಸಿತೆಂದು ನಾನು ಹೇಳಲಾರೆ. ಅದು ಒಂದು ಫೋಟೊದಿಂದ ಆಗುವ ಕೆಲಸವಲ್ಲ.

ಇಂದಿನ ಅಭ್ಯಾಸ: ಮನೆಯಲ್ಲಿ ದಿನವೂ ಕಾಣುವ, ಆದರೆ ನೋಡದೆ ಬಿಟ್ಟಿರುವ ಒಬ್ಬರ ಒಂದೇ ಒಂದು ಫೋಟೊ ತೆಗೆಯಿರಿ. ಒತ್ತುವ ಮುನ್ನ ಮೂರು ಉಸಿರು ಗಮನಿಸಿ. ಏನನ್ನೂ ಬೆಳ್ಳಗೆ ಮಾಡಬೇಡಿ, ಏನನ್ನೂ ಅಳಿಸಬೇಡಿ. ತೆಗೆದದ್ದನ್ನು ಗುಂಪಿಗೆ ಹಾಕುವ ಮೊದಲು ಅವರಿಗೆ ತೋರಿಸಿ.

ಸರ್ವರಿಗೂ ಮಂಗಳವಾಗಲಿ. 🙏