ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮಲ್ಲಿ ಹಳೆಯ ಮಾತು. ಅನ್ನವಿಕ್ಕಿದವರ ಕುಂದುಕೊರತೆಗಳನ್ನು ಲೆಕ್ಕಹಾಕುವುದು ಕೃತಘ್ನತೆ ಎಂದು ಅದರ ಭಾವ. ಒಳ್ಳೆಯ ಮಾತೇ. ಆದರೆ ಸರ್ಕಾರವು ಒಂದು ಕಾರ್ಖಾನೆಗೆ ಸಂಶೋಧನೆ ನಡೆಸಲೆಂದು ಹಣ ಕೊಟ್ಟು, ನಾಲ್ಕೈದು ವರ್ಷಗಳಾದ ಮೇಲೆ ಅದೇ ಕಾರ್ಖಾನೆಗೆ ಪ್ರಶ್ನಾವಳಿ ಕಳುಹಿಸಿ, ‘ನಮ್ಮ ಹಣದಿಂದ ನಿಮಗೇನು ಉಪಯೋಗವಾಯಿತು?’ ಎಂದು ಕೇಳಿದಾಗ ಉಂಡವನು ಏನು ಮಾಡಬೇಕು? ಜಂತೆ ಎಣಿಸಬೇಕೇ, ಕೈತೊಳೆದು ಹರಸಿ ಹೊರಡಬೇಕೇ?

ಇದು ಅಂಕಿಅಂಶದವರ ಮನೆಜಗಳವೆಂದು ಓದುಗರು ಪುಟ ತಿರುಗಿಸಬಾರದು. ಹಣ ಸಣ್ಣದಲ್ಲ. 2025ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟವು ಖಾಸಗಿ ವಲಯದ ಸಂಶೋಧನೆಗಾಗಿ 1 ಲಕ್ಷ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಡಿಮೆ ಬಡ್ಡಿಗೆ, ಇಲ್ಲವೆ ಬಡ್ಡಿಯೇ ಇಲ್ಲದೆ ದೀರ್ಘಾವಧಿ ಸಾಲ ಕೊಡುವುದು ಅದರ ಮುಖ್ಯ ಅಂಶ. ಅದಕ್ಕೂ ಮೊದಲು ತೆರಿಗೆಯ ದಾರಿಯಿತ್ತು. 1961ರ ಆದಾಯ ತೆರಿಗೆ ಕಾಯಿದೆಯ 35(2ಎಬಿ) ಕಲಮಿನ ಪ್ರಕಾರ, ಅಂಗೀಕೃತ ಸಂಶೋಧನಾ ವಿಭಾಗವಿದ್ದ ಕಂಪನಿಯು ಅದಕ್ಕಾಗಿ 100 ರೂಪಾಯಿ ಖರ್ಚು ಮಾಡಿದರೆ, 2010ರಿಂದ 200 ರೂಪಾಯಿ ಖರ್ಚಾಯಿತೆಂದು ಲೆಕ್ಕ ತೋರಿಸಬಹುದಿತ್ತು. 2017ರಲ್ಲಿ ಅದು 150ಕ್ಕೆ ಇಳಿದು, 2020ರಲ್ಲಿ 100ಕ್ಕೆ ಬಂದು ನಿಂತಿತು. ಲಾಭ ಪಡೆಯುವವರು ಕಂಪನಿಗಳು. ಹಣ ಮಾತ್ರ ಸೂರತ್ತಿನಲ್ಲಿ ಬಟ್ಟೆ ಕೊಂಡವನದು, ಹುಬ್ಬಳ್ಳಿಯಲ್ಲಿ ಸಾಬೂನು ಕೊಂಡವಳದು.

ಹಾಗಾದರೆ ಇಲ್ಲಿ ಊಟ ಹಾಕಿದ ಮನೆ ಯಾವುದು? ಮಂಜೂರಾತಿಗೆ ಸಹಿ ಹಾಕಿದ ಅಧಿಕಾರಿ ಬಡಿಸಿದವನು ಮಾತ್ರ. ಅಕ್ಕಿ ಬೇಳೆ ಬೇರೆಯವರದು. ಬಡಿಸಿದವನಿಗೆ ಉಪಚಾರದ ಮಾತು ಸಾಕು. ಅಕ್ಕಿ ಬೇಳೆ ಕೊಟ್ಟವರಿಗೆ ಲೆಕ್ಕ ಸಲ್ಲಬೇಕು. ಗಾದೆಯನ್ನು ಈ ಜಾಗದಲ್ಲಿ ಬಳಸುವುದು ತಪ್ಪೆಂದು ನಮ್ಮ ಅಭಿಪ್ರಾಯ.

ಆದರೂ ತೊಡಕು ತೀರಲಿಲ್ಲ. ಇಂಥ ಪ್ರಶ್ನಾವಳಿಗಳ ಜೀವಾಳ ಒಂದೇ ಪ್ರಶ್ನೆ: ‘ಸಹಾಯ ಸಿಗದಿದ್ದರೆ ನೀವು ಈ ಸಂಶೋಧನೆ ಮಾಡುತ್ತಿದ್ದಿರೇ?’ ಮಾಡುತ್ತಿದ್ದೆವು ಎಂದರೆ ಸರ್ಕಾರದ ಹಣ ದಂಡ. ಮುಂದಿನ ಕಂತಿಗೂ ಕಲ್ಲು. ಮಾಡುತ್ತಿರಲಿಲ್ಲ ಎಂದರೆ ಕೊಟ್ಟವರಿಗೂ ಸಂತೋಷ, ಪಡೆದವರಿಗೂ ಸಂತೋಷ. ಯಾವ ಉತ್ತರ ಹೆಚ್ಚಾಗಿ ಬರುತ್ತದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಆದರೆ ಸುಳ್ಳಿನ ಮಾತು ಬಿಡೋಣ. ಹರಿಶ್ಚಂದ್ರನೇ ಕಾರ್ಖಾನೆಯ ಮಾಲೀಕನೆಂದಿಟ್ಟುಕೊಳ್ಳಿ. ಅವನಿಗಾದರೂ ಉತ್ತರ ಗೊತ್ತೇ? ಅವನು ಬಾಳಿದ್ದು ಹಣ ಸಿಕ್ಕ ಬಾಳನ್ನು. ಸಿಗದ ಬಾಳಿಗೆ ಅವನು ಸಾಕ್ಷಿಯಲ್ಲ. ಬಿ.ಎಸ್‌ಸಿ. ಪ್ರಯೋಗಶಾಲೆಯಲ್ಲಿ ನಮಗೆ ಮೊದಲು ಕಲಿಸಿದ ಪಾಠಗಳಲ್ಲಿ ಇದೂ ಒಂದು: ದ್ರಾವಣ ಹಾಕಿದ ನಳಿಕೆಯ ಪಕ್ಕದಲ್ಲಿ ಹಾಕದ ನಳಿಕೆಯನ್ನೂ ಇಡಬೇಕು. ಒಂದು ಕಾರ್ಖಾನೆಗೆ ಎರಡು ನಳಿಕೆಗಳಿಲ್ಲ.

ನಮ್ಮ ಮೈಸೂರಿನ ಗಂಧದೆಣ್ಣೆಯನ್ನೇ ನೋಡಿ. 1914ರಲ್ಲಿ ಯುದ್ಧ ಆರಂಭವಾಗಿ, ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ವ್ಯಾಪಾರ ನಿಂತಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ತೆಗೆಯುವ ಪ್ರಯೋಗ ನಡೆದು, ಸರ್ಕಾರದ ಕಾರ್ಖಾನೆ ಎದ್ದಿತು. ಯುದ್ಧವಿಲ್ಲದಿದ್ದರೆ ಏಳುತ್ತಿತ್ತೇ? ವಿಜ್ಞಾನ ಸಂಸ್ಥೆಯಿಲ್ಲದಿದ್ದರೆ? ವಿಶ್ವೇಶ್ವರಯ್ಯನವರು ಆಗ ದಿವಾನರಲ್ಲದಿದ್ದರೆ? ವಾದಿಸಬಹುದು, ಪ್ರಮಾಣ ಮಾಡಿ ಹೇಳಲಾಗದು.

ಒಬ್ಬನ ಒಳಗೆ ಸಿಗದ ಉತ್ತರವನ್ನು ಹಲವರ ನಡುವೆ ಹುಡುಕಬೇಕು. ಪಡೆದವರ ಪಕ್ಕದಲ್ಲಿ, ಕೇಳಿ ಸಿಗದವರನ್ನೂ ಕೂರಿಸಬೇಕು. ಅಲ್ಲಿಯೂ ಎಚ್ಚರಿಕೆ ಬೇಕು, ಏಕೆಂದರೆ ಗೆಲ್ಲುವ ಕುದುರೆಗೇ ಹುರುಳಿ ಹಾಕುವುದು ಎಲ್ಲ ಇಲಾಖೆಗಳ ಅಭ್ಯಾಸ; ಆಮೇಲೆ ಗೆದ್ದದ್ದು ಹುರುಳಿಯಿಂದಲೋ ಕಾಲಿನಿಂದಲೋ ತಿಳಿಯದು. ಇನ್ನು ಓಟದಿಂದಲೇ ಹೋದವರ ಮಾತು. ಅಹಮದಾಬಾದಿನ ನಮ್ಮ ಬಂಧುಗಳು ಅಟೀರಾದ ಆವರಣವನ್ನು ನೋಡಿರುತ್ತಾರೆ. 1947ರಲ್ಲಿ ವಿಕ್ರಮ್ ಸಾರಾಭಾಯಿ ಅವರ ಮುಂದಾಳುತನದಲ್ಲಿ ಹುಟ್ಟಿದ ಈ ಜವಳಿ ಸಂಶೋಧನಾ ಸಂಸ್ಥೆ ಗಿರಣಿಗಳ ವಂತಿಗೆ, ಸರ್ಕಾರದ ಅನುದಾನ ಎರಡರಿಂದಲೂ ಬೆಳೆಯಿತು. 1980ರ ದಶಕದಲ್ಲಿ ಅಲ್ಲಿನ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಆಮೇಲೆ ಯಾರಾದರೂ ಗಿರಣಿಗಳಿಗೆ ಪ್ರಶ್ನಾವಳಿ ಕಳುಹಿಸಿ ‘ಸಂಶೋಧನೆಯಿಂದ ಅನುಕೂಲವಾಯಿತೇ?’ ಎಂದು ಕೇಳಿದ್ದರೆ, ಉಳಿದವರಷ್ಟೇ ಉತ್ತರಿಸುತ್ತಿದ್ದರು. ಬೀಗ ಬಿದ್ದ ಗೇಟಿನೊಳಗೆ ಅಂಚೆಯವನು ಹೋಗುವುದಿಲ್ಲ.

ಇನ್ನೊಂದು ಬಗೆಯ ಮೌನ ನಮ್ಮ ವರಾಛಾದಲ್ಲೇ ಇದೆ. ಮಿನಿ ಬಜಾರಿನ ಸುತ್ತಮುತ್ತಲ ಗಲ್ಲಿಗಳಲ್ಲಿ, ವಜ್ರ ಉಜ್ಜುವ ಘಂಟಿಯ ಸದ್ದಿನ ನಡುವೆ, ಚಿಕ್ಕ ಕಾರ್ಖಾನೆಯವನು ಹಿಡಿಕೆಯ ಕೋನ ಬದಲಿಸಿ ನೋಡುತ್ತಾನೆ, ಸಾಣೆಗೆ ಹಚ್ಚುವ ಪುಡಿಯ ಹದ ಬದಲಿಸಿ ನೋಡುತ್ತಾನೆ. ಒಂದೆರಡು ಕಲ್ಲು ಕೆಟ್ಟರೆ ಕೈಯಿಂದ ನಷ್ಟ ತುಂಬುತ್ತಾನೆ. ಅವನ ಮುಂದೆ ‘ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡಿದ ವೆಚ್ಚ’ ಎಂಬ ಅಂಕಣವಿಟ್ಟರೆ ಸೊನ್ನೆ ಬರೆಯುತ್ತಾನೆ. ಬಿಳಿ ಕೋಟು ತೊಟ್ಟವರು ಮಾಡುವುದು ಸಂಶೋಧನೆ, ತಾನು ಮಾಡುವುದು ಧಂದೆ ಎಂದು ಅವನ ಪ್ರಾಮಾಣಿಕ ನಂಬಿಕೆ. ಮೇಲೆ ಹೇಳಿದ ತೆರಿಗೆ ರಿಯಾಯಿತಿಯೂ ಕಂಪನಿಗಳಿಗೆ ಮಾತ್ರ ಇದ್ದದ್ದು. ಪಾಲುಗಾರಿಕೆಯ ವ್ಯವಹಾರಕ್ಕೆ ಅನ್ವಯಿಸುತ್ತಿರಲಿಲ್ಲ. ಆ ಕಡೆ, ನೂರಕ್ಕೆ ಇನ್ನೂರು ತೋರಿಸಲು ಬಿಟ್ಟರೆ ದೊಡ್ಡ ಕಂಪನಿಯ ಲೆಕ್ಕಿಗನಿಗೆ ರಿಪೇರಿ ಖರ್ಚೂ ಸಂಶೋಧನೆಯಾಗಿ ಕಾಣುವ ಆಸೆ ಹುಟ್ಟುವುದು ಸಹಜ. ಹೀಗೆ ಇದ್ದದ್ದು ಸೊನ್ನೆಯಾಗಿ, ಇಲ್ಲದ್ದು ಅಂಕಿಯಾಗಿ ದೆಹಲಿ ತಲುಪಿದರೆ, ಅಲ್ಲಿ ಕೂಡಿಸುವವನು ಎಷ್ಟೇ ಜಾಣನಾದರೂ ಏನು ಮಾಡಿಯಾನು?

ಘಂಟಿಯ ಮುಂದೆ ಕುಳಿತ ರತ್ನಕಲಾಕಾರನನ್ನಂತೂ ಯಾರೂ ಕೇಳುವುದಿಲ್ಲ. ಲೇಸರ್ ಯಂತ್ರ ಬಂದ ಮೇಲೆ ಕಲ್ಲು ಕೊಯ್ಯುವ ಕೈಕೆಲಸ ಬಹುಮಟ್ಟಿಗೆ ಹೋಯಿತು. ಮಾರಾಟ ಎಷ್ಟು, ರಫ್ತು ಎಷ್ಟು, ಪೇಟೆಂಟ್ ಎಷ್ಟು ಎಂದು ಕೇಳುವ ನಮೂನೆಯಲ್ಲಿ ಆ ಕೈಗಳಿಗೆ ಸಾಲಿಲ್ಲ. ಯಂತ್ರ ಬರಬಾರದಿತ್ತೆಂದು ನಾವು ಹೇಳುತ್ತಿಲ್ಲ. ಪರಿಣಾಮ ಅಳೆಯುತ್ತೇವೆಂದು ಹೊರಟವರು ಮಾಲೀಕನ ಮೇಜಿಗಷ್ಟೇ ಕಾಗದ ಇಟ್ಟು ಬಂದರೆ ಅರ್ಧ ಪರಿಣಾಮ ಹೊರಗೇ ಉಳಿಯುತ್ತದೆ.

ಸಮೀಕ್ಷೆಯೇ ಬೇಡವೆನ್ನಲು ನಾವು ಸಿದ್ಧರಿಲ್ಲ. ಕೇಳದೆ ಹಣ ಹಂಚುವುದು ಇನ್ನೂ ಕೆಟ್ಟದ್ದು. ಅಭಿಪ್ರಾಯ ಕೇಳುವುದನ್ನು ಕಡಿಮೆ ಮಾಡಿ, ನಡೆದದ್ದನ್ನು ಕೇಳಬೇಕು: ಯಾವ ತಿಂಗಳು ಯಾರನ್ನು ಸೇರಿಸಿಕೊಂಡಿರಿ, ಯಾವ ಉಪಕರಣ ಕೊಂಡಿರಿ, 2017ರಲ್ಲಿಯೂ 2020ರಲ್ಲಿಯೂ ರಿಯಾಯಿತಿ ಇಳಿದಾಗ ನಿಮ್ಮ ಪ್ರಯೋಗಶಾಲೆಯ ಖರ್ಚು ಎಷ್ಟಕ್ಕೆ ಬಂತು? ಕೇಳುವವರು ಹಣ ಕೊಟ್ಟ ಇಲಾಖೆಯವರಾಗಿರಬಾರದು. ಉತ್ತರ ಬರದ ಸಾಲನ್ನು ಸೊನ್ನೆಯೆಂದು ತುಂಬುವ ಚಾಳಿ ನಮ್ಮ ಗುಮಾಸ್ತ ಕುಲಕ್ಕಿದೆ, ಅದನ್ನೂ ಬಿಡಬೇಕು.

ಇವೆಲ್ಲಕ್ಕಿಂತ ತುರ್ತಾದದ್ದೊಂದಿದೆ. ಕಚೇರಿಯಲ್ಲಿ ಮಂಜೂರಾದ ಅರ್ಜಿಯ ಕಡತ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ತಿರಸ್ಕೃತವಾದದ್ದು ಮೊದಲು ರದ್ದಿಗೆ ಹೋಗುತ್ತದೆ. ಹೊಸ ಯೋಜನೆಯ ಹಣಕ್ಕೆ ಅರ್ಜಿ ಹಾಕಿ ಸಿಗದವರ ಪಟ್ಟಿ, ವಿಳಾಸ, ನಿರಾಕರಣೆಯ ಕಾರಣ ಇವನ್ನು ಈಗಲೇ ಜೋಪಾನ ಮಾಡದಿದ್ದರೆ, ಹತ್ತು ವರ್ಷಗಳ ನಂತರ ಪಕ್ಕದಲ್ಲಿಡಲು ಎರಡನೆಯ ನಳಿಕೆಯೇ ಇರುವುದಿಲ್ಲ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.