ಸಾಕು

ಮುಂಬಯಿಯ ಪಶ್ಚಿಮ ಉಪನಗರದಲ್ಲಿ ನಾನು ಸಂಜೆ ಚಹಾ ಕುಡಿಯುವ ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ಒಂದು ಅರೋವಾನಾ ಮೀನಿದೆ. ಬೆಳ್ಳಿಯ ತಗಡಿನಂಥ ಮೈ, ಎರಡು ಅಡಿ ದಾಟಿದ ಉದ್ದ. ಅದರ ಗಾಜಿನ ಪೆಟ್ಟಿಗೆ ಆರಡಿ ಉದ್ದ, ಅಗಲ ಮಾತ್ರ ಒಂದೂವರೆ ಅಡಿ. ತುದಿ ಮುಟ್ಟಿದೊಡನೆ ಮೀನು ಬಿಲ್ಲಿನಂತೆ ಬಾಗಿ, ಬಾಲವನ್ನು ಗಾಜಿಗೆ ಸವರಿಕೊಂಡು ತಿರುಗುತ್ತದೆ. ಈ ತುದಿಗೆ ಬರುತ್ತದೆ, ಮತ್ತೆ ಬಾಗುತ್ತದೆ. ಹೋಟೆಲು ಶುದ್ಧ ಸಸ್ಯಾಹಾರಿ; ಅಲ್ಲಿ ಮಾಂಸ ಉಣ್ಣುವ ಜೀವ ಅದೊಂದೇ. ಅದರ ಊಟಕ್ಕೆ ವಾರಕ್ಕೊಮ್ಮೆ ಕುರ್ಲಾದ ಮೀನಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸಣ್ಣ ಮೀನುಗಳು ಜೀವಂತ ಬರುತ್ತವೆ.

“ಇದಕ್ಕೆ ಜಾಗ ಸಾಲುವುದಿಲ್ಲವಲ್ಲ ಅಣ್ಣ” ಅಂದೆ ಒಂದು ದಿನ, ಹೋಟೆಲಿನ ಯಜಮಾನರಿಗೆ.

“ನಮಗೆ ಸಾಲ್ತದಾ ಮಾರಾಯ್ರೆ? ನಾನು ಊರಿಂದ ಬಂದ ಹೊಸತರಲ್ಲಿ ಒಂದು ಖೋಲಿಯಲ್ಲಿ ಹನ್ನೆರಡು ಜನ ಮಲಗ್ತಿದ್ದೆವು. ಅಡ್ಜಸ್ಟ್ ಆಗ್ತದೆ.”

ಈ ಉತ್ತರಕ್ಕೆ ಥಟ್ಟನೆ ಮರುಮಾತು ಹೊಳೆಯಲಿಲ್ಲ. ಈ ಊರಿನ ಧರ್ಮವೇ ಅಡ್ಜಸ್ಟ್. ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಬಂದು ನಿಂತರೆ ಸಾಕು, ಯಾರೂ ಹೇಳದೆಯೇ ಮೂವರೂ ಒಂದಿಷ್ಟು ಸರಿಯುತ್ತಾರೆ. ಕೊಳೆಗೇರಿ ಪುನರ್ವಸತಿಯಲ್ಲಿ ಒಂದು ಸಂಸಾರಕ್ಕೆ ಸಿಗುತ್ತಿದ್ದದ್ದು 225 ಚದರ ಅಡಿ. ಅಷ್ಟರಲ್ಲೇ ಮದುವೆ, ಬಾಣಂತನ, ಗಣಪತಿ ಎಲ್ಲ ನಡೆದುಹೋದವು. ಹಾಗೆ ಬದುಕಿದವನಿಗೆ ಮೀನಿನ ಇಕ್ಕಟ್ಟು ಕಾಣದೆ ಇರುವುದು ಕ್ರೌರ್ಯದಿಂದಲ್ಲ. ಅವನು ತನ್ನ ಅಳತೆಗೋಲಿನಿಂದಲೇ ಅಳೆಯುತ್ತಾನೆ. ಆದರೆ ನಾಲ್ಕನೆ ಸೀಟಿನಲ್ಲಿ ಅರ್ಧ ಮೈ ಹೊರಗಿಟ್ಟು ಕೂತವನು ಬೊರಿವಲಿಯಲ್ಲಿ ಇಳಿದು ಕೈಕಾಲು ಚಾಚುತ್ತಾನೆ. ಇಳಿಯುವ ಸ್ಟೇಷನ್ ಇದ್ದವನ ಮಾತು ಅಡ್ಜಸ್ಟ್. ಮೀನಿನ ಪರವಾಗಿ ಅದನ್ನು ನಾವು ಆಡಿಬಿಟ್ಟರೆ ಹೇಗೆ?

ಕುರ್ಲಾದ ಅಂಗಡಿಗಳಲ್ಲಿ ಎಲ್ಲವೂ ಬೆರಳುದ್ದವೇ. ಹುಡುಗರು ಮೊದಲು ಕೇಳುವುದು ‘ಶಾರ್ಕ್’. ಅದು ಶಾರ್ಕೇ ಅಲ್ಲ, ಮೆಕಾಂಗ್ ನದಿಯ ಪಂಗಾಸಿಯಸ್ ಎಂಬ ಮೀನು. ಜಾಗ ಸಿಕ್ಕರೆ ನಾಲ್ಕು ಅಡಿ ಮುಟ್ಟಬಲ್ಲದು. ಅದೇ ಮೀನು ಇದೇ ಮುಂಬಯಿಯ ಹೋಟೆಲುಗಳಲ್ಲಿ ‘ಬಾಸಾ’ ಎಂಬ ಹೆಸರಿನಲ್ಲಿ ತಟ್ಟೆಗೆ ಬರುತ್ತದೆ. ತಟ್ಟೆಯದನ್ನು ತಿಂದು, ಪೆಟ್ಟಿಗೆಯದಕ್ಕೆ ಹೆಸರಿಟ್ಟು ಮುದ್ದು ಮಾಡುವ ಮನೆಗಳು ಇದ್ದಾವು. ಇವೆರಡರಲ್ಲಿ ಯಾವುದರ ಪಾಡು ಮೇಲು ಎಂದು ಕೇಳಿದರೆ ನಾನು ಬೇಗ ಉತ್ತರ ಕೊಡಲಾರೆ.

“ದೊಡ್ಡದಾದರೆ?” ಎಂದು ಕೇಳಿದರೆ ಅಂಗಡಿಯವನ ಬಾಯಲ್ಲಿ ಸಿದ್ಧ ಉತ್ತರ: ಮೀನು ಟ್ಯಾಂಕಿನಷ್ಟೇ ಬೆಳೆಯುತ್ತದೆ. ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಇದು ಅಪಾಯದ ಮಾತು. ಮೀನುಗಳಲ್ಲಿ ಹೆಚ್ಚಿನವು ಬದುಕಿದಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಪೆಟ್ಟಿಗೆಯೊಳಗೆ ಬೆಳವಣಿಗೆ ಕುಗ್ಗಿದರೆ ಅದು ತನ್ನದೇ ಹೊಲಸು ಕರಗಿದ ನೀರಿನ, ಇಕ್ಕಟ್ಟಿನ ಫಲ. ಕುಗ್ಗಿದ್ದನ್ನು ನಾವು ಹೊಂದಿಕೊಂಡದ್ದು ಎಂದು ಓದಿಕೊಳ್ಳುತ್ತೇವೆ.

ದೊಡ್ಡ ಪೆಟ್ಟಿಗೆ ತರೋಣವೆಂದರೆ ಕಟ್ಟಡ ಒಪ್ಪಬೇಕಲ್ಲ! ಈ ಹೋಟೆಲಿನ ಪೆಟ್ಟಿಗೆ ಎರಡಡಿ ಎತ್ತರವಿದೆ, ಅದರ ನೀರೇ ಅರ್ಧ ಟನ್ನು. ನಮ್ಮ ವಾಸದ ಮನೆಗಳ ನೆಲಕ್ಕೆ ಎಂಜಿನಿಯರು ಹಿಡಿಯುವ ಲೆಕ್ಕ ಚದರ ಮೀಟರಿಗೆ 200 ಕಿಲೋ. ಇದು ತಾನು ನಿಂತ ಜಾಗದ ಮೇಲೆ ಅದರ ಮೂರು ಪಟ್ಟು ಹೇರುತ್ತದೆ.

ಯಜಮಾನರಿಗೆ ಇದು ಮೊದಲ ಅರೋವಾನಾ ಅಲ್ಲ. ಹಿಂದಿನದು ಲಾಕ್‌ಡೌನಿನ ವರ್ಷ ಸತ್ತಿತ್ತು. “ನಮ್ಮ ಮೇಲೆ ಬರುವುದಿತ್ತು, ಅದು ತಗೊಂಡು ಹೋಯ್ತು” ಅಂದಿದ್ದರು, ಕಣ್ಣು ತೇವ ಮಾಡಿಕೊಂಡು. ಮನೆಗೆ ಬರುವ ಕೇಡನ್ನು ಮೀನು ತನ್ನ ಮೇಲೆ ಎಳೆದುಕೊಂಡು ಸಾಯುತ್ತದೆಂಬ ಈ ನಂಬಿಕೆ ಚೀನಾದ ಫೆಂಗ್‌ಶುಯಿಯ ಬೆನ್ನೇರಿ ಬಂದು ನಮ್ಮ ವಾಸ್ತುವಿನ ಜೊತೆ ಸಂಸಾರ ಹೂಡಿದೆ. ನನಗೆ ಅದರಷ್ಟು ಕಳವಳ ಹುಟ್ಟಿಸಿದ ಮಾತು ಇನ್ನೊಂದಿಲ್ಲ. ನಾವು ಕೊಟ್ಟ ಸಾವು ಅದು ಮಾಡಿದ ತ್ಯಾಗವಾಗಿಬಿಡುತ್ತದೆ. ಪಶ್ಚಾತ್ತಾಪ ಇರಬೇಕಾದ ಜಾಗದಲ್ಲಿ ಕೃತಜ್ಞತೆ ಬಂದು ಕೂರುತ್ತದೆ. ಆಮೇಲೆ ಇನ್ನೊಂದು ಮೀನು ಬರುತ್ತದೆ.

ಮೀನು ಸಾಕಿದ ನಮ್ಮ ಅತಿ ಹಳೆಯ ಕತೆ ಶತಪಥ ಬ್ರಾಹ್ಮಣದಲ್ಲಿದೆ. ಕೈ ತೊಳೆಯುವ ನೀರಿನಲ್ಲಿ ಮನುವಿಗೆ ಒಂದು ಮರಿಮೀನು ಸಿಗುತ್ತದೆ. ನನ್ನನ್ನು ಕಾಪಾಡು, ದೊಡ್ಡ ಮೀನುಗಳು ನುಂಗಿಬಿಡುತ್ತವೆ ಎನ್ನುತ್ತದೆ. ಹೇಗೆ ಕಾಪಾಡಬೇಕೆಂಬುದನ್ನೂ ಅದೇ ಹೇಳಿಕೊಡುತ್ತದೆ: ಮೊದಲು ಮಡಕೆ, ಮಡಕೆ ಸಾಲದಾದಾಗ ಹೊಂಡ, ಅದೂ ಸಾಲದಾದಾಗ ಸಮುದ್ರ. ಪ್ರಳಯ, ದೋಣಿ ಎಲ್ಲ ಆಮೇಲಿನ ಮಾತು. ನನ್ನನ್ನು ಹಿಡಿದು ನಿಲ್ಲಿಸುವುದು ಆ ಮಡಕೆ. ಮಡಕೆಯಲ್ಲಿ ಹಾಕುವಾಗಲೇ ಸಮುದ್ರ ಒಪ್ಪಂದದಲ್ಲಿತ್ತು. ಕನ್ನಡದಲ್ಲಿ ಸಾಕು ಎಂದರೆ ಪೋಷಿಸು; ಸಾಕು ಎಂದರೆ ಇನ್ನು ಬೇಡ ಎಂದೂ ಹೌದು. ಎರಡರ ಬೇರು ಒಂದೇ ಹೌದೋ ಅಲ್ಲವೋ ಪಂಡಿತರು ಹೇಳಲಿ, ಆಡುವ ನಾಲಿಗೆಗಂತೂ ಒಂದೇ.

ಈ ಎರಡೂ ಅರ್ಥ ಬಲ್ಲದ್ದು ಅರೋವಾನಾವೇ. ಅಮೆಜಾನ್ ನದಿಯಲ್ಲಿ ಗಂಡು ಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಸುಮಾರು ಎರಡು ತಿಂಗಳು ತನ್ನ ಬಾಯೊಳಗೇ ಇಟ್ಟುಕೊಳ್ಳುತ್ತದೆ. ಅಷ್ಟು ಇಕ್ಕಟ್ಟಿನ ಜಾಗ, ಆದರೆ ಅವಧಿ ಗೊತ್ತು. ಮರಿ ಈಜಬಲ್ಲುದಾದಾಗ ಬಾಯಿ ತೆರೆಯುತ್ತದೆ. ಅಂಗಡಿಗೆ ಮರಿ ಬೇಕಾದವರು ಅಷ್ಟು ದಿನ ಕಾಯುವುದಿಲ್ಲ. ಎಷ್ಟೋ ಕಡೆ ಅಪ್ಪನನ್ನು ಕೊಂದು ಬಾಯಿಂದ ಮರಿ ತೆಗೆಯುತ್ತಾರೆ.

ಕಾನೂನು ಒಮ್ಮೆ ಇತ್ತ ತಿರುಗಿತ್ತು. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ಮಾಡಿತು, ವ್ಯಾಪಾರಿಗಳು ಗದ್ದಲವೆಬ್ಬಿಸಿದರು, ನಿಯಮ ಬಾಳಲಿಲ್ಲ. ಬೆಳೆದ ಮೀನು ಬೇಡವಾದವರು ರಾತ್ರಿ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಮನೆಗೆ ಹೋಗುತ್ತಾರೆ. 2018ರ ಪ್ರವಾಹದ ಬಳಿಕ ಕೇರಳದ ಹೊಳೆಗಳಲ್ಲಿ ಅಮೆಜಾನಿನ ಅರಪೈಮಾ ಎಂಬ ಮೀನು ಬಲೆಗೆ ಬಿತ್ತು. ಹಾಗಾಗಿ ಬಿಡುವುದೂ ಸಲೀಸಲ್ಲ. ಮನುವಿನ ಮೀನಿಗೆ ಸಮುದ್ರ ತನ್ನದೇ ಆಗಿತ್ತು.

ಊರಿಗೆ ಹೋದಾಗ ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಎರಚುತ್ತೇನೆ. ತೊಡೆಗಾತ್ರದ ಮೀನುಗಳು ಕಾಲ ಬಳಿ ಬರುತ್ತವೆ. ಅಲ್ಲಿ ಯಾರೂ ಹಿಡಿಯುವುದಿಲ್ಲ, ಗೋಡೆಯೂ ಇಲ್ಲ. ಬೇಡವೆನಿಸಿದಾಗ ಹೋಗುತ್ತವೆ.

ಬಾಯಿಯ ಕತೆಯನ್ನು ಯಜಮಾನರಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಬಿಲ್ಲು ಹರಿದು ಚಿಲ್ಲರೆ ಕೊಟ್ಟರು. ಮೊನ್ನೆ ಹೋದಾಗ ಬಡಗಿಯ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಮೂಲೆಯ ಎರಡು ಮೇಜು ತೆಗೆದರೆ ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ ಸಿಗುತ್ತದಂತೆ. ಎರಡು ಮೇಜೆಂದರೆ ಎಂಟು ಗಿರಾಕಿ. ಮುಂಬಯಿಯಲ್ಲಿ ಅದು ಚಿಕ್ಕ ಲೆಕ್ಕವಲ್ಲ.

“ಇದು ಇನ್ನು ಹತ್ತು ವರ್ಷ ಇರ್ತದಂತೆ. ನಾನು ಊರಿಗೆ ಹೋದರೆ ಇದನ್ನು ಯಾರು ನೋಡ್ತಾರೆ?” ಅಂದರು. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, “ಸ್ವಲ್ಪ ಹಿಡ್ಕೊಳ್ಳಿ” ಎನ್ನುತ್ತ ಗೋಡೆಯ ಆ ಕೊನೆಗೆ ನಡೆದರು.