ಇಂದಿನ ಧಮ್ಮ ಚಿಂತನೆ: ಜರ್ಮನ್ ತಾಟು ಮತ್ತು ಕೌದಿ

 

ಇವತ್ತು ನನ್ನ ಮನೆಯ ವಿಷಯವನ್ನೇ ಹೇಳುತ್ತೇನೆ. ತಪ್ಪು ನನ್ನದೇ ಆದದ್ದರಿಂದ ಮುಚ್ಚಿಡುವುದಿಲ್ಲ.

ಈ ಹುಣ್ಣಿಮೆಯ ವಂದನೆ ನಮ್ಮ ಮನೆಯಲ್ಲಿ ಎಂದು ತೀರ್ಮಾನವಾಗಿತ್ತು. ಮಸ್ಕಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಇಪ್ಪತ್ತು ಜನ ಕೂಡಲು ಜಾಗ ಎಲ್ಲಿ? ಗೊಬ್ಬರದ ಖಾಲಿ ಚೀಲ, ಮುಚ್ಚಳವಿಲ್ಲದ ಡಬ್ಬಿ, ಕೆಟ್ಟ ಫ್ಯಾನು, ಮೂರು ಕಾಲಿನ ಕುರ್ಚಿ, ಹಳೆ ಸೀರೆಗಳ ಗಂಟು. ದೀಕ್ಷೆ ತೆಗೆದುಕೊಂಡ ವರ್ಷ 22 ಪ್ರತಿಜ್ಞೆಗೆ ಬದ್ಧರಾಗಿ ದೇವರ ಜಗುಲಿ ಖಾಲಿ ಮಾಡಿದ್ದೆವು. ಆ ಜಾಗದಲ್ಲಿ ಬುದ್ಧರು, ಬಾಬಾಸಾಹೇಬರು ಕೂಡಬೇಕಿತ್ತು. ಚೀಲಗಳು ಬಂದು ಕೂತಿದ್ದವು.

ಅವ್ವ ಮಗಳ ಮನೆಗೆ ಹೋಗಿದ್ದ ದಿನ ನೋಡಿ, ಗುಜರಿಯವನನ್ನು ಕರೆದೆ. ಒಂದೇ ತಾಸಿನಲ್ಲಿ ಮನೆ ಬಯಲಾಯಿತು. ನನಗೂ ಹಗುರ ಅನ್ನಿಸಿತು. ಸಂಜೆ ಅವ್ವ ಬಂದವಳು ಸಜ್ಜಾದ ಮೇಲೆ ಒಮ್ಮೆ ನೋಡಿದಳು. ಕೇಳಿದ್ದು ಒಂದೇ ಮಾತು:

"ನಿಮ್ಮಪ್ಪನ ತಾಟು ಎಲ್ಲೈತಿ?"

ನುಗ್ಗಿದ ಅಂಚಿನ ಒಂದು ಜರ್ಮನ್ ತಾಟು. ಅಪ್ಪ ಹುಡುಗನಿದ್ದಾಗ ಜೀತಕ್ಕಿದ್ದ. ಧಣಿಯ ಮನೆಯಲ್ಲಿ ಅವನ ತಾಟನ್ನು ದನದ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕುತ್ತಿದ್ದರು. ಉಂಡು, ತಾನೇ ತೊಳೆದು, ಅಲ್ಲೇ ಇಡಬೇಕು. ಜೀತ ಬಿಟ್ಟು ಬಂದ ದಿನ ಅಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದನಂತೆ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

"ಅಂಥಾ ಅವಮಾನದ ತಾಟು ಮನ್ಯಾಗ ಯಾಕ ಬೇಕವ್ವ?" ಅಂದೆ.

"ಅವಮಾನ ಮಾಡಿದವ್ರದು, ನಮ್ಮದಲ್ಲ. ಅದನ್ನ ಎಸದು ನಿನ್ನ ಮಕ್ಕಳಿಗೆ ಏನ್ ತೋರಿಸ್ತಿ?" ಅಂದಳು. ಅವತ್ತು ರಾತ್ರಿ ಅವ್ವ ಉಣ್ಣಲಿಲ್ಲ. ಬೆಳಿಗ್ಗೆ ಗುಜರಿ ಅಂಗಡಿಗೆ ಹೋಗಿ ರಾಶಿಯಲ್ಲಿ ಹುಡುಕಿದೆ. ಪುಣ್ಯಕ್ಕೆ ಸಿಕ್ಕಿತು. ಮೂವತ್ತು ರೂಪಾಯಿ ಕೊಟ್ಟು ತಂದೆ.

ಬಂಧುಗಳೇ, ಇಲ್ಲಿ ಯೋಚಿಸಬೇಕಾದದ್ದಿದೆ. ಸಾಮಾನು ಕಡಿಮೆ ಮಾಡಿ, ಮನಸ್ಸು ಹಗುರ ಮಾಡಿ ಎಂದು ಈಗ ಎಲ್ಲರೂ ಹೇಳುತ್ತಾರೆ. ತುಂಬಿದ ಮನೆಯವರಿಗೆ ಅದು ಸುಲಭ, ಬೇಕಾದರೆ ನಾಳೆ ಮತ್ತೆ ಕೊಳ್ಳುತ್ತಾರೆ. ನಮ್ಮ ಹಿರಿಯರು ಡಬ್ಬಿ ಚೀಲ ಕೂಡಿಟ್ಟದ್ದು ದುರಾಸೆಯಿಂದಲ್ಲ, ನಾಳೆಯ ಭಯದಿಂದ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರಿಗೆ ವಿಧಿಸಿದ್ದು ಸತ್ತವರ ಬಟ್ಟೆ, ಒಡೆದ ಪಾತ್ರೆ. ಒಳ್ಳೆಯದು ನಿಮಗಲ್ಲ ಎಂಬುದೇ ಅಲ್ಲಿ ಕಾನೂನು. ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟರು. ನನ್ನ ಲೆಕ್ಕದಲ್ಲಿ ಈ ದೇಶದ ದೊಡ್ಡ ಮನೆ ಸ್ವಚ್ಛತೆ ಅದೇ. ಅದೇ ಮಹಾಡದಲ್ಲಿ ಅವರು ನಮ್ಮ ತಾಯಂದಿರಿಗೂ ಹೇಳಿದರು: ಸ್ವಚ್ಛವಾಗಿರಿ, ಕೀಳು ಗುರುತಿನ ಉಡುಗೆ ತೊಡುಗೆ ಬಿಡಿ. ಚೊಕ್ಕಟ ಮನೆ ಅವರಿಗೆ ಶೋಕಿಯಾಗಿರಲಿಲ್ಲ, ಸ್ವಾಭಿಮಾನವಾಗಿತ್ತು.

ಈಗ ಭಗವಾನರ ಸಂಘವನ್ನು ನೋಡಿ. ಭಿಕ್ಖುಗಳೂ ಸ್ಮಶಾನದಲ್ಲಿ, ಕಸದಲ್ಲಿ ಸಿಕ್ಕ ಚಿಂದಿಯನ್ನು ತೊಳೆದು ಹೊಲಿದು ಉಟ್ಟರು. ಅದಕ್ಕೆ ಪಾಂಸುಕೂಲ ಎಂದು ಹೆಸರು. ಮನು ಹೇಳಿದ ಬಟ್ಟೆಯೂ ಅದೇ, ಭಿಕ್ಖು ಉಟ್ಟ ಬಟ್ಟೆಯೂ ಅದೇ. ವ್ಯತ್ಯಾಸ ಏನು? ಒಂದನ್ನು ಒಂದು ಜನಕ್ಕೆ ಮಾತ್ರ ಬಲವಂತದಿಂದ ಹೊದಿಸಿದರು. ಇನ್ನೊಂದನ್ನು ಶಾಕ್ಯರ ರಾಜಕುಮಾರರೂ, ಕ್ಷೌರಿಕ ಉಪಾಲಿಯೂ, ಕಸ ಬಳಿಯುತ್ತಿದ್ದ ಸುನೀತನೂ ಒಂದೇ ಸಂಘದಲ್ಲಿ ತಾವಾಗಿ ಒಪ್ಪಿದರು. ಇಲ್ಲದಿರುವುದು ತ್ಯಾಗವಲ್ಲ. ಕಸಿದುಕೊಂಡದ್ದು ದಾನವಲ್ಲ. ತಿಳಿದು ಬಿಟ್ಟದ್ದು ಮಾತ್ರ ತ್ಯಾಗ. ಅವ್ವ ಇಲ್ಲದಾಗ ಅವಳ ಗಂಟು ಎಸೆದ ನಾನು ಮಾಡಿದ್ದು ತ್ಯಾಗವಲ್ಲ, ಕಸಿಯುವ ಕೆಲಸ.

ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಕೋಸಂಬಿಯ ಉದೇನ ರಾಜನ ರಾಣಿಯರು ಆನಂದರಿಗೆ 500 ವಸ್ತ್ರ ದಾನ ಕೊಟ್ಟರು. ಇಷ್ಟು ಬಟ್ಟೆ ಒಬ್ಬರಿಗೆ ಯಾಕೆ ಎಂದು ರಾಜನಿಗೆ ಸಂಶಯ ಬಂತು, ಕೇಳಿಯೇಬಿಟ್ಟ. ಚೀವರ ಸವೆದ ಭಿಕ್ಖುಗಳಿಗೆ ಹಂಚುತ್ತೇನೆ ಎಂದರು ಆನಂದರು. ಅವರ ಹಳೆಯ ಚೀವರ? ಹೊದಿಕೆಯಾಗುತ್ತದೆ. ಹಳೆಯ ಹೊದಿಕೆ? ಹಾಸಿಗೆಯ ಮೇಲಿನ ಬಟ್ಟೆ. ಅದು ಹಳತಾದರೆ ನೆಲದ ಹಾಸು, ಆಮೇಲೆ ಕಾಲೊರೆಸು, ಆಮೇಲೆ ಧೂಳು ಒರೆಸುವ ಬಟ್ಟೆ. ಕೊನೆಗೆ ಅದನ್ನು ಚೂರು ಮಾಡಿ ಮಣ್ಣಲ್ಲಿ ಕಲಸಿ ನೆಲಕ್ಕೆ ಸಾರಿಸುತ್ತೇವೆ ಎಂದರು. ರಾಜ ಸಂತೋಷಪಟ್ಟು ಮತ್ತೆ 500 ಕೊಟ್ಟ.

ಇದನ್ನು ಓದಿ ಹೇಳಿದಾಗ ಅವ್ವ ನಕ್ಕಳು. "ಇದು ನಮ್ಮ ಕೌದಿ ಲೆಕ್ಕ ಐತಲ್ಲಪ" ಅಂದಳು. ನಿಜ. ಹಳೆ ಸೀರೆ ಕೌದಿಯಾಗುತ್ತದೆ, ಕೌದಿ ಹರಿದರೆ ಕಾಲೊರೆಸು. ಚೀವರವೂ ತುಂಡು ಜೋಡಿಸಿದ್ದೇ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಹಾಗೇ ಹೊಲಿಯಲು ಭಗವಾನರು ಆನಂದರಿಗೆ ಹೇಳಿದ್ದರು. ಸಿಂಧನೂರಿನ ಕಡೆ ಕಾಲುವೆ ನೀರಿನ ಭತ್ತದ ಗದ್ದೆ ನೋಡಿದವರಿಗೆ ಆ ಮಾದರಿ ಗೊತ್ತು.

ಮುಂದಿನ ಭಾನುವಾರ ನಾನು, ಅವ್ವ, ಮಕ್ಕಳು ಸೇರಿ ಉಳಿದ ಗಂಟುಗಳನ್ನು ಬಿಚ್ಚಿದೆವು. ಒಂದೊಂದನ್ನೂ ಅವ್ವನ ಕೈಗೆ ಕೊಟ್ಟು ಕೇಳಿದೆವು. ಅರ್ಧಕ್ಕಿಂತ ಹೆಚ್ಚನ್ನು ಅವಳೇ "ಹೋಗ್ಲಿ ಬಿಡು" ಅಂದಳು. ಕೇಳುವವರಿದ್ದರೆ ಬಿಡುವುದು ಕಷ್ಟವಲ್ಲ. ಸೀರೆಗಳು ಎರಡು ಕೌದಿಯಾದವು. ಹುಣ್ಣಿಮೆಯ ದಿನ ನೀವೆಲ್ಲ ಕೂತದ್ದು ಅವುಗಳ ಮೇಲೆಯೇ.

ಜಗುಲಿಯ ಜಾಗದಲ್ಲಿ ಈಗ ಪುಸ್ತಕದ ಕಪಾಟು ಇದೆ. ಬಾಬಾಸಾಹೇಬರು ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ್ದೇ ಪುಸ್ತಕಗಳಿಗಾಗಿ. ನಮ್ಮದು ಒಂದೇ ಕಪಾಟು. ಅದರ ಮೇಲಿನ ಖಾನೆಯಲ್ಲಿ ಬುದ್ಧರು, ಬಾಬಾಸಾಹೇಬರು. ಕೆಳಗಿನ ಖಾನೆಯಲ್ಲಿ ಅಪ್ಪನ ತಾಟು. ಅದಕ್ಕೆ ಹೂವು ಏರಿಸುವುದಿಲ್ಲ, ಕೈ ಮುಗಿಯುವುದಿಲ್ಲ. ಮಕ್ಕಳು ಕೇಳಿದರೆ ಕಥೆ ಹೇಳುತ್ತೇವೆ.

*ಇಂದಿನ ಅಭ್ಯಾಸ:* ಇಡೀ ಮನೆ ಬೇಡ, ಒಂದೇ ಮೂಲೆ ಹಿಡಿಯಿರಿ. ಪ್ರತಿ ವಸ್ತುವಿಗೆ ಮೂರು ಪ್ರಶ್ನೆ ಕೇಳಿ.
1. ಇದನ್ನು ಬಳಸುತ್ತಿದ್ದೇವೆಯೇ, ಭಯಕ್ಕೆ ಇಟ್ಟುಕೊಂಡಿದ್ದೇವೆಯೇ?
2. ಇದು ಬೇರೆಯವರಿಗೆ ಬೇಕೇ? ಬೇಕಾದರೆ ತೊಳೆದು, ಹೊಲಿದು, ಮಡಿಸಿ ಕೊಡಿ. ಹರಿದದ್ದನ್ನು ಪಡೆಯುವ ನೋವು ನಮಗೆ ಗೊತ್ತು. ಅದನ್ನು ಇನ್ನೊಬ್ಬರಿಗೆ ದಾಟಿಸಬಾರದು.
3. ಇದು ಯಾರದು? ಅವರನ್ನು ಕೇಳಿದೆವೆಯೇ?

ನಮ್ಮೂರ ಗುಡ್ಡದ ಬಂಡೆಯಲ್ಲಿ ಅಶೋಕನ ಹೆಸರೇ ಇರುವ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧಮ್ಮದಲ್ಲಿ ತೊಡಗಿದರೆ ಎತ್ತರಕ್ಕೆ ಏರಬಲ್ಲರು ಎಂಬುದು ಅದರ ತಿರುಳು. ಎರಡು ಸಾವಿರ ವರ್ಷ ದಾಟಿದ ಆ ಮಾತು ನಮ್ಮ ಮನೆಯ ಬಾಗಿಲಲ್ಲೇ ಇದೆ. ಇವತ್ತು ಒಂದು ಮೂಲೆಯಿಂದ ಶುರು ಮಾಡೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್ 🙏